ಮಲಗಣ್ಣನ ಒಂದು ಮಾತು

ಹೆಣ ಸೀನಿತು.

“ಕಟ್!” ಎಂದು ಕೂಗಿದ್ದೂ ಹೆಣವೇ. ಕೂಗಿ, ಹೊದೆಸಿದ್ದ ಬಿಳಿ ಬಟ್ಟೆಯನ್ನು ಒದ್ದು ಎದ್ದು ಕೂತು, “ಯಾರ್ರೀ ಇಷ್ಟೊಂದು ಪೌಡರ್ ಬಳಿದದ್ದು? ಸತ್ತವನಿಗೂ ನೆಗಡಿ ಬರಿಸ್ತೀರಲ್ಲ!” ಎಂದು ಮೇಕಪ್ಪಿನವನ ಮೇಲೆ ಹರಿಹಾಯ್ದಿತು.

ಮಂಚದ ಪಕ್ಕ ಮಲಗಣ್ಣ ಬಾಯಿ ಅರ್ಧ ತೆರೆದು ನಿಂತಿದ್ದ. ನಾಲಿಗೆಯ ತುದಿಗೆ ಬಂದಿದ್ದ ಮಾತು ಬಸ್ಸು ತಪ್ಪಿದವನ ಹಾಗೆ ಅಲ್ಲೇ ನಿಂತುಬಿಟ್ಟಿತ್ತು.

ಹೆಣವೆಂದರೆ ಯಜಮಾನರು. ಸ್ಟುಡಿಯೋದಲ್ಲಿ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಮೊದಲ ಸಿನಿಮಾದ ನಾಯಕ ಕೈಕೊಟ್ಟಾಗ, ನಿರ್ದೇಶಕರಾಗಿದ್ದವರು ತಾವೇ ಕ್ಯಾಮೆರಾ ಮುಂದೆ ನಿಂತರು. ಆಮೇಲೆ ಕೂತದ್ದೇ ಇಲ್ಲ. ಕತೆ ಅವರದು, ನಿರ್ದೇಶನ ಅವರದು, ಪೋಸ್ಟರಿನ ಮೇಲಿನ ಮುಖವೂ ಅವರದೇ. ಅವರ ಸಿನಿಮಾ ನೋಡಿ ನೋಡಿಯೇ ಒಂದಿಡೀ ತಲೆಮಾರಿನವರು ನಿರ್ದೇಶಕರಾದರು. ಎಲ್ಲರೂ ಅವರಿಂದ ಕದ್ದದ್ದು ಒಂದನ್ನೇ: ಪಾತ್ರ ಬಾಯಿ ತೆರೆಯುವ ಮುಂಚಿನ ಆ ಉದ್ದನೆಯ ಮೌನವನ್ನು. ಅಂಥ ಮೌನಕ್ಕೆ ಹೆಸರಾದವರು ಪರದೆಯಿಂದ ಈಚೆಗೆ ಒಂದು ಗಳಿಗೆ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಈಗ ವಯಸ್ಸಾಗಿತ್ತು. ಇದೇ ತಮ್ಮ ಕೊನೆಯ ಸಿನಿಮಾ ಎಂದು ಸಾರಿದ್ದರು. ಕೊನೆಯ ದೃಶ್ಯದಲ್ಲಿ ಅವರ ಪಾತ್ರ ಸತ್ತು ಮಲಗಿರಬೇಕು. ಅದೊಂದು ಮಾತ್ರ ಅವರಿಗೆ ಬರುತ್ತಿರಲಿಲ್ಲ.

ಮಲಗಣ್ಣನಿಗೆ ಬರುತ್ತಿದ್ದದ್ದೇ ಅದೊಂದು. ಯಜಮಾನರ ಸಿನಿಮಾಗಳಲ್ಲಿ ಅವನು ನೀರಲ್ಲಿ ಮುಳುಗಿ ಸತ್ತಿದ್ದ, ಗುಂಡೇಟಿಗೆ ಸತ್ತಿದ್ದ, ಜ್ವರಕ್ಕೆ ಸತ್ತಿದ್ದ. ಒಮ್ಮೆ ಊಟದ ಹೊತ್ತಿನಲ್ಲಿ ಅವನನ್ನು ಎಬ್ಬಿಸುವುದನ್ನು ಎಲ್ಲರೂ ಮರೆತು, ಸಂಜೆಯವರೆಗೆ ಸತ್ತೇ ಇದ್ದ. ಮೂಗಿನ ಮೇಲೆ ನೊಣ ಕೂತರೂ ಎದೆ ಅಲುಗುತ್ತಿರಲಿಲ್ಲ. ಹಾಗೆ ಬಂದ ಹೆಸರು ಅದು. ಇವತ್ತು ಮೊದಲ ಸಲ ಅವನಿಗೆ ನಿಂತುಕೊಂಡು ಮಾಡುವ ಪಾತ್ರ ಸಿಕ್ಕಿತ್ತು. ಸತ್ತವನ ಪಕ್ಕದ ಮನೆಯವನು, ಒಳಗೆ ಬಂದು, ಮಂಚದತ್ತ ನೋಡಿ, ಒಂದೇ ಒಂದು ಮಾತು ಹೇಳಬೇಕು: “ಎಬ್ಬಿಸಬೇಡಿ. ಈಗಷ್ಟೇ ಮಲಗಿದ್ದಾರೆ.”

ಆ ಮಾತು ಅವನಿಗೆ ಬೇಕಾಗಿದ್ದದ್ದು ಅಮ್ಮನಿಗಾಗಿ. ಅಮ್ಮನ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಆದರೂ ಮಗನ ಪ್ರತಿ ಸಿನಿಮಾಕ್ಕೂ ಮಹಡಿಯ ಮೇಲಿನ ಟೈಲರಮ್ಮನ ಕೈ ಹಿಡಿದು ಹೋಗುತ್ತಿದ್ದಳು. “ಈಗ ಸತ್ತ ನೋಡಿ ನಿಮ್ಮ ಮಗ” ಎಂದು ಟೈಲರಮ್ಮ ಕಿವಿಯಲ್ಲಿ ಹೇಳಿದರೆ, “ಚೆನ್ನಾಗಿ ಸತ್ತನಾ?” ಎಂದು ಕೇಳುತ್ತಿದ್ದಳು. ಹೆಣಕ್ಕೆ ದನಿ ಎಲ್ಲಿಂದ ಬರಬೇಕು? ಊರೆಲ್ಲ ನೋಡಿದ ಮಗನನ್ನು ಸಿನಿಮಾದಲ್ಲಿ ಕಾಣದೆ ಉಳಿದವಳು ಅವಳೊಬ್ಬಳೇ.

ಬೆಳಿಗ್ಗೆ ಹೊರಡುವಾಗ ಇಡೀ ಓಣಿ ಬಾಗಿಲಿಗೆ ಬಂದು ಪಾಠ ಹೇಳಿತ್ತು. ಗಂಟಲು ಕಟ್ಟಿದ ಹಾಗೆ ಹೇಳಬೇಕೆಂದು ಟೈಲರಮ್ಮ. ಒಂದೊಂದು ಅಕ್ಷರವೂ ಗೋಡೆಗೆ ಮೊಳೆ ಹೊಡೆದ ಹಾಗಿರಬೇಕೆಂದು ಎದುರು ಮನೆಯ ಮೇಷ್ಟ್ರು. “ಮಾತಿಗೆ ಮುಂಚೆ ಒಂದು ಸಲ ಕೆಮ್ಮಿಬಿಡಿ ಭಾವ, ಜನ ನಿಮ್ಮ ಕಡೆ ತಿರುಗ್ತಾರೆ” ಎಂದು ಹೆಂಡತಿಯ ತಮ್ಮ. ಅಮ್ಮ ಹೇಳಿದ್ದು ಇಷ್ಟೇ: “ದಿನಾ ಮಾತಾಡೋ ಹಾಗೆ ಮಾತಾಡು. ನನಗೆ ಗುರುತು ಸಿಗಬೇಕಲ್ಲ.”

ಎರಡನೆಯ ಸಲ ಕ್ಯಾಮೆರಾ ಓಡಿದಾಗ ಆ ಪಾಠಗಳೆಲ್ಲ ಒಟ್ಟಿಗೆ ನೆನಪಾದವು. ಮಲಗಣ್ಣ ಕೆಮ್ಮಿದ, ಗಂಟಲು ಕಟ್ಟಿಸಿಕೊಂಡ, ಕಟ್ಟಿದ ಗಂಟಲಿನಿಂದಲೇ ಮೊಳೆ ಹೊಡೆದ.

ಹೆಣ ತಲೆಯೆತ್ತಿತು. “ಏನಯ್ಯಾ ಇದು? ಸತ್ತಿರೋದು ನಾನೋ ನೀನೋ?”

ಮೂರನೆಯ ಸಲ ಮಲಗಣ್ಣ ಸರಿಯಾಗಿಯೇ ಹೇಳಿದ. ಆದರೆ ಅವನ ಮಾತಿನ ಜೊತೆಜೊತೆಗೇ ಹೆಣದ ತುಟಿಯೂ ಆಡುತ್ತಿತ್ತು. ಎಲ್ಲರ ಮಾತನ್ನೂ ಬರೆದವರು ತಾನೆ! ಮರುಸಲ ಹೆಣ ಒಂದು ಕಣ್ಣು ತೆರೆದು ಕ್ಯಾಮೆರಾ ಸರಿಯುತ್ತಿದೆಯೋ ಇಲ್ಲವೋ ಎಂದು ನೋಡಿತು. ಅದರ ಮರುಸಲ, “ಆ ದೀಪ ಸ್ವಲ್ಪ ಎಡಕ್ಕೆ” ಎಂದಿತು.

ಮೇಕಪ್ಪಿನವನಿಗೆ ಬೈಸಿಕೊಂಡ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಯಾಕೆ ಯಜಮಾನ್ರೇ ಇಷ್ಟೊಂದು ಒದ್ದಾಟ? ನಮ್ಮ ಮಲಗಣ್ಣ ಇದ್ದಾನಲ್ಲ. ಮುಖಕ್ಕೆ ಬಟ್ಟೆ ಮುಚ್ಚಿ ಅವನನ್ನೇ ಮಲಗಿಸಿಬಿಡಿ. ಮಾತು ಯಾರಾದ್ರೂ ಹೇಳ್ತಾರೆ.”

“ಬೇಡ ಯಜಮಾನ್ರೇ, ನಿಮಗೆ ಬರತ್ತೆ. ನಾನು ಹೇಳಿಕೊಡ್ತೀನಿ” ಎಂದು ಮಲಗಣ್ಣ ಮಂಚದ ಪಕ್ಕ ಕುಕ್ಕರಿಸಿದ.

“ನೀನು ಮಲಗಿದಾಗ ಏನು ಯೋಚ್ನೆ ಮಾಡ್ತೀಯ?” ಯಜಮಾನರು ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು.

“ಮೊದಲು, ಮನೆಗೆ ಬೀಗ ಹಾಕಿದೆನಾ ಇಲ್ವಾ ಅಂತ ಯೋಚ್ನೆ ಬರತ್ತೆ. ಹಾಕಿದ್ರೂ ಅಷ್ಟೆ, ಬಿಟ್ರೂ ಅಷ್ಟೆ, ಈಗ ಎದ್ದು ಹೋಗಿ ನೋಡೋ ಹಾಗಿಲ್ಲ. ಅದು ಖಾತ್ರಿ ಆದ ತಕ್ಷಣ ಉಸಿರು ತಾನಾಗೇ ಕೆಳಗಿಳಿಯತ್ತೆ.”

ಯಜಮಾನರು ಮೇಲೆ ನೇತಾಡುತ್ತಿದ್ದ ದೀಪಗಳನ್ನು ನೋಡುತ್ತ ಮಲಗಿದರು. “ನನ್ನ ಜನ್ಮವೆಲ್ಲ ಬೀಗ ನೋಡೋದರಲ್ಲೇ ಹೋಯ್ತು ಕಣೋ” ಎಂದರು. ಆಮೇಲೆ ಕಣ್ಣು ಮುಚ್ಚಿದರು.

ಕ್ಯಾಮೆರಾ ಓಡಿತು. ಮಲಗಣ್ಣ ಒಳಗೆ ಬಂದ. ಮಂಚದ ಮೇಲೆ ಯಜಮಾನರು ಅಲುಗಾಡದೆ ಮಲಗಿದ್ದರು. ಮುಖದ ಗೆರೆಗಳೆಲ್ಲ ಯಾರೋ ಕೈಯಿಂದ ಸವರಿದ ಹಾಗೆ ಸಡಿಲವಾಗಿದ್ದವು. ಅವನಿಗೆ ಓಣಿಯ ಪಾಠವೆಲ್ಲ ಮರೆತುಹೋಯಿತು. ಅಮ್ಮನ ಹತ್ತಿರ ಮಾತಾಡುವ ಹಾಗೆ, ಮೆಲ್ಲಗೆ ಹೇಳಿದ: “ಎಬ್ಬಿಸಬೇಡಿ. ಈಗಷ್ಟೇ ಮಲಗಿದ್ದಾರೆ.”

ಯಾರೂ ಕಟ್ ಅನ್ನಲಿಲ್ಲ. ಅನ್ನಬೇಕಾದವರು ಮಂಚದ ಮೇಲಿದ್ದರು. ಕ್ಯಾಮೆರಾ ಓಡುತ್ತಲೇ ಇತ್ತು. ಸಹಾಯಕ ನಿರ್ದೇಶಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೇಕಪ್ಪಿನವನು ಸಿಟ್ಟು ಮರೆತು ಬೆವರತೊಡಗಿದ. ಮಲಗಣ್ಣ ಬಗ್ಗಿ ಯಜಮಾನರ ಮೂಗಿನ ಹತ್ತಿರ ಕಿವಿಯಿಟ್ಟ.

ಗೊರಕೆ.

ಅವರಾಗಿ ಏಳುವವರೆಗೆ ಎಲ್ಲರೂ ಕಾದರು. ಎದ್ದವರೇ ಮಾನಿಟರ್ ಮುಂದೆ ಕೂತು ಮತ್ತೆ ಮತ್ತೆ ನೋಡಿದರು. “ಇಷ್ಟು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಅಭಿನಯಿಸಿದ್ದೇ ಇಲ್ಲ! ಇದೇ ಇರಲಿ.”

“ಆದರೆ ನಮಗೆ ಕೇಳಿಸದ ಸಣ್ಣ ಗೊರಕೆ ಮೈಕಿಗೆ ಕೇಳಿಸಿ, ಮಾತಿನ ನಟ್ಟನಡುವೆ ಕೂತಿದೆ” ಎಂದ ಸೌಂಡಿನವನು.

“ಶಬ್ದವೆಲ್ಲ ತೆಗೆದುಬಿಡಿ. ಕ್ಯಾಮೆರಾ ಇವನ ಬೆನ್ನ ಹಿಂದಿದೆ, ಮಾತಾಡಿದ್ದೇ ಗೊತ್ತಾಗಲ್ಲ. ಬರೀ ಮೌನ ಇರಲಿ.”

ಮಲಗಣ್ಣ ಬಾಯಿ ತೆರೆದ. ಹೆಣವಾಗಿದ್ದ ಅಷ್ಟೂ ವರ್ಷಗಳ ಅಭ್ಯಾಸ. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಸಂಜೆ ಓಣಿ ಕಾದು ಕೂತಿತ್ತು. “ಹೇಳಿದೆಯಾ?” ಎಂದರು ಮೇಷ್ಟ್ರು.

“ಹೇಳಿದೆ.”

“ಯಜಮಾನರು ಏನಂದ್ರು?”

“ಮೈಮರೆತುಬಿಟ್ರು.”

ಓಣಿ ಚಪ್ಪಾಳೆ ತಟ್ಟಿತು. ಅಮ್ಮ ಮಾತ್ರ ಏನೂ ಕೇಳದೆ ಅವನ ಮುಖ ಸವರಿ, “ಸುಸ್ತಾಗಿದ್ದೀಯ. ಹೋಗಿ ಮಲಗು” ಎಂದಳು. ಅವನು ಒಳಗೆ ಹೋಗಿ ಮಂಚದ ಮೇಲೆ ಬಿದ್ದುಕೊಂಡ. ನಿದ್ದೆ ಬರಲಿಲ್ಲ. ಆದರೆ ಅವನು ಕಣ್ಣು ಮುಚ್ಚಿದರೆ ಅದು ಯಾರಿಗೆ ಗೊತ್ತಾಗಬೇಕು?

ಸ್ವಲ್ಪ ಹೊತ್ತಿಗೆ ಹೊರಗೆ ಕಾರು ನಿಂತಿತು. ಓಣಿಯಲ್ಲಿ ದಡಬಡ ಓಡಾಟ. “ಎಲ್ಲಪ್ಪಾ ನಮ್ಮ ಮಲಗಣ್ಣ? ಎಷ್ಟೋ ವರ್ಷದ ಮೇಲೆ ನನಗೆ ನಿದ್ದೆ ಬರಿಸಿದ ಪುಣ್ಯಾತ್ಮ!” ಯಜಮಾನರ ದನಿ. “ಇರಿ, ಎಳಕೊಂಡು ಬರ್ತೀನಿ” ಎಂದು ಟೈಲರಮ್ಮ ಒಳಗೆ ನುಗ್ಗುವಷ್ಟರಲ್ಲಿ ಅಮ್ಮ ಬಾಗಿಲಿಗೆ ಅಡ್ಡ ಕೈ ಚಾಚಿದಳು.

“ಎಬ್ಬಿಸಬೇಡಿ. ಈಗಷ್ಟೇ ಮಲಗಿದ್ದಾನೆ.”

ಹೊರಗೆ ಮೌನ. ಯಜಮಾನರ ಸಿನಿಮಾಗಳಲ್ಲಿ ಬರುವಂಥದೇ ಮೌನ.

“ತಾಯೀ,” ಎಂದರು ಅವರು ಕೊನೆಗೆ. “ಇದೇ ಮಾತು, ಇದೇ ಥರ, ನನ್ನ ಸಿನಿಮಾದಲ್ಲಿ ಒಂದು ಸಲ ಹೇಳ್ತೀರಾ? ಮುಖ ಬೇಡ, ದನಿ ಸಾಕು. ಇಡೀ ಸಿನಿಮಾನೇ ಅದರ ಮೇಲೆ ಮುಗಿಯತ್ತೆ.”

ಒಳಗೆ ಮಲಗಣ್ಣ ಮಂಚದ ಮೇಲೆ ಹಾಗೇ ಇದ್ದ. ಬೆಳಿಗ್ಗೆ ಗೊರಕೆ ನುಂಗಿದ ಮಾತನ್ನು ಸಂಜೆ ಹೆತ್ತ ತಾಯಿಯೇ ತೆಗೆದುಕೊಂಡು ಹೋಗುವುದೆ? ಬೀಗದ ವಿಷಯ ಯೋಚಿಸಿ ನೋಡಿದ. ಪ್ರಯೋಜನವಾಗಲಿಲ್ಲ. ಅವನ ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಹೆಣದ ಎದೆ ಎಲ್ಲರಿಗೂ ಕಾಣುವಂತೆ ಏರಿಳಿಯತೊಡಗಿತು. ಪುಣ್ಯಕ್ಕೆ ಯಾರೂ ಅತ್ತ ನೋಡುತ್ತಿರಲಿಲ್ಲ.

“ಅದು ನನ್ನ ಮಗ ಹೇಳಿದ ಮಾತಲ್ವಾ?” ಎಂದಳು ಅಮ್ಮ.

“ಅದನ್ನ ತೆಗೆಸಿದೆ ತಾಯಿ. ಅದರ ಮೇಲೆ ಗೊರಕೆ ಬಂದಿತ್ತು, ನನ್ನದೇ.”

“ಅವನ ಕೈಲೇ ಇನ್ನೊಂದು ಸಲ ಹೇಳಿಸಬಹುದಲ್ಲ?”

“ಅವನದು ಸಾಧಾರಣ ದನಿ. ಯಾರದು ಬೇಕಾದ್ರೂ ಆಗಬಹುದು. ನಿಮ್ಮದನ್ನ ಒಂದು ಸಲ ಕೇಳಿದ್ರೆ ಸಾಕು, ಎಲ್ಲಿದ್ರೂ ಗುರುತು ಸಿಗತ್ತೆ.”

“ಒಪ್ಕೊಳ್ಳಿ ಅಜ್ಜೀ!” ಎಂದಳು ಟೈಲರಮ್ಮ. “ಅಕ್ಷರ ಎಷ್ಟು ಸ್ಪಷ್ಟವಾಗಿ ಬಂತು!” ಎಂದರು ಮೇಷ್ಟ್ರು. ಹೆಂಡತಿಯ ತಮ್ಮ, “ಮುಂಚೆ ಒಂಚೂರು ಕೆಮ್ಮಿದ್ರೆ...” ಎಂದು ಶುರುಮಾಡಿದ.

ಅಮ್ಮ ಬಾಗಿಲಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ.

“ಹೇಳಲ್ಲ” ಎಂದಳು.