ಹೊಸನಗರದಲ್ಲಿ ಇಳಿದ ಮೊಲ

ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡವನು ಹೀಗೆ ಒಪ್ಪಿಕೊಳ್ಳಬಾರದು, ಆದರೂ ಹೇಳಿಬಿಡುತ್ತೇನೆ: ನನ್ನ ಸಂಶೋಧನೆ ಏನೆಂದು ಇವತ್ತಿನವರೆಗೆ ಒಬ್ಬರಿಗೂ ಅರ್ಥ ಮಾಡಿಸಲು ನನ್ನಿಂದಾಗಿಲ್ಲ. ಸಾಗರದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು ನಾನು. ತಲೆ ನರೆತ ಮೇಲೆ ಪಿಎಚ್.ಡಿ. ಹುಚ್ಚು ಹಿಡಿಯಿತು. ಮನುಷ್ಯನ ಜೀವಕೋಶದ ಒಂದು ಪ್ರೋಟೀನನ್ನು ಪತ್ತೆ ಹಚ್ಚಬೇಕು. ಅದಕ್ಕೆ ಮೊಲದ ಪ್ರತಿಕಾಯ ಬೇಕು. ಆ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ, ಅದರ ಮೈ "ಇವನ್ಯಾರಪ್ಪ ಹೊಸಬ" ಎಂದು ಹಿಡಿಯುವುದಕ್ಕೆ ಹಲವು ಬಗೆಯ ಪ್ರತಿಕಾಯಗಳನ್ನು ತಯಾರಿಸುತ್ತದೆ. ಒಂದು ಕೈ ಹಿಡಿದರೆ ಇನ್ನೊಂದು ಕಾಲು ಹಿಡಿಯುತ್ತದೆ. ಹಲವು ಬಗೆಯವು ಸೇರಿರುವುದರಿಂದಲೇ ಅದಕ್ಕೆ ಪಾಲಿಕ್ಲೋನಲ್ ಎಂದು ಹೆಸರು. ಮೊಲದ ರಕ್ತದಿಂದ ಅವನ್ನು ಬೇರ್ಪಡಿಸಿ, ಕಂಪನಿಯವರು ಬೆರಳುದ್ದದ ಸೀಸೆಯಲ್ಲಿ ತಣ್ಣಗೆ ಕಳಿಸುತ್ತಾರೆ; ಬಿಸಿಯಾದರೆ ಕೆಟ್ಟುಹೋಗುತ್ತದೆ.

ನನ್ನ ಬಳಿ ಉಳಿದಿದ್ದ ಜೀವಕೋಶದ ಮಾದರಿ ಒಂದೇ ಒಂದು ಪರೀಕ್ಷೆಗೆ ಸಾಲುವಷ್ಟು; ಸೀಸೆ ಕೆಟ್ಟಿದ್ದರೆ ಅದೂ ಹೋದಂತೆ. ಹಾಗಾಗಿ ಸೀಸೆಯ ದಾರಿಯನ್ನೇ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಫೋನ್ ಬಂತು. ಹೊಸನಗರದಲ್ಲಿ ಅಂಗಡಿಯ ಜೊತೆಗೇ ಕೊರಿಯರ್ ನಡೆಸುವ ಸುಶೀಲಮ್ಮ.

"ಸಾರ್, ನಿಮ್ಮ ಪಾರ್ಸೆಲ್ ತಪ್ಪಿ ಇಲ್ಲಿ ಇಳಿದಿದೆ. ಮೇಲೆ ರ್‍ಯಾಬಿಟ್ ಅಂತ ಬರ್ದಿದೆ. ಒಳಗೆ ಅಲ್ಲಾಡ್ತಾನೇ ಇಲ್ಲ ಮಾರಾಯ್ರೆ! ಉಸಿರಾಡ್ಲಿ ಅಂತ ದಬ್ಬಣದಲ್ಲಿ ಮುಚ್ಚಳಕ್ಕೆ ನಾಕು ತೂತು ಮಾಡ್ದೆ. ಥಂಡಿ ಗಾಳಿ ಬಂತು. ಪಾಪ, ಚಳಿ ಆಗಿರ್ಬೇಕು, ಬಿಸಿಲಿಗೆ ಇಡ್ತೀನಿ."

ನಾನು ಕಿರುಚಿದೆ. "ಬೇಡ! ಫ್ರಿಜ್ಜಿನಲ್ಲಿಡಿ! ಐಸ್ ಕಟ್ಟೋ ಕಡೆ ಬೇಡ, ಕೆಳಗೆ!"

"ಮೊಲಾನ ಫ್ರಿಜ್ಜಿನಲ್ಲಾ? ನಿಮಗೆ ಸ್ವಲ್ಪನಾದ್ರೂ ಕರುಣೆ ಇದ್ಯಾ ಸಾರ್?"

"ಒಳಗೆ ಮೊಲ ಇಲ್ಲಮ್ಮ. ಮೊಲದಿಂದ ತೆಗೆದ ಔಷಧಿ ಥರದ್ದು."

"ಹಂಗಾದ್ರೆ ಮೊಲ ಎಲ್ಲಿ?"

"ಎಲ್ಲೋ ಹುಲ್ಲು ತಿಂತಿರಬೇಕು" ಎಂದೆ. ಅದು ನನಗೂ ಗೊತ್ತಿರಲಿಲ್ಲ. ಅವರಿಗೆ ಸಮಾಧಾನವಾಯಿತು. ಫೋನಿನಲ್ಲೇ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ರಜೆ ಬರೆದಿಟ್ಟು ಸಿಕ್ಕಿದ ಬಸ್ಸು ಹತ್ತಿದೆ. ದಾರಿಯ ಪ್ರತಿ ನಿಲ್ದಾಣದಲ್ಲೂ ಒಬ್ಬರು ಇಳಿದರೆ ಮೂವರು ಹತ್ತುತ್ತಿದ್ದರು. ನಾನು ಕಂಡಕ್ಟರನ ಸೀಟಿಯನ್ನು ಶಪಿಸುತ್ತಾ ಕೂತಿದ್ದೆ. ಅಂಗಡಿ ತಲುಪಿದಾಗ ಹಾಲಿನ ಪ್ಯಾಕೆಟ್ಟುಗಳ ನಡುವೆ ಪೆಟ್ಟಿಗೆ ಬೆಚ್ಚಗೆ, ಅಲ್ಲ, ತಣ್ಣಗೆ ಕೂತಿತ್ತು. ತೆರೆದು ನೋಡಿದೆ. ಐಸ್ ಚೀಲ ಇನ್ನೂ ಗಟ್ಟಿಯಾಗಿತ್ತು, ಸೀಸೆಗೆ ಏನೂ ಆಗಿರಲಿಲ್ಲ. ಸುಶೀಲಮ್ಮ ಇಣುಕಿ, "ಇಷ್ಟೇನಾ?" ಎಂದರು. ನನ್ನ ನಾಲ್ಕು ವರ್ಷದ ಕೆಲಸಕ್ಕೆ ಬಂದ ಮೊದಲ ವಿಮರ್ಶೆ ಅದು.

ಮರುದಿನ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷೆ. ಸಹೋದ್ಯೋಗಿ ಶೈಲಜಾ ಮೇಡಂ ಪಕ್ಕದಲ್ಲೇ ನಿಂತಿದ್ದರು. ಬಿಳಿ ಪಟ್ಟಿಯ ಮೇಲೆ, ಎಲ್ಲಿರಬೇಕೋ ಅಲ್ಲೇ, ಒಂದು ಕಪ್ಪು ಗೆರೆ ಮೂಡಿತು. ಪ್ರೋಟೀನ್ ಸಿಕ್ಕಿತ್ತು! ಹೊತ್ತುಕೊಂಡಿದ್ದ ಅಕ್ಕಿಮೂಟೆ ಇಳಿಸಿದಷ್ಟು ಹಗುರವಾಯಿತು. ಕಾರಿಡಾರಿಗೆ ಓಡಿ, ಸಿಕ್ಕಿದವರಿಗೆಲ್ಲ ಹೇಳಿ, ಕೊನೆಗೆ ಕನ್ನಡ ಮೇಷ್ಟ್ರನ್ನೂ ತಬ್ಬಿಕೊಂಡು ಅರ್ಧ ಗಂಟೆಯ ಮೇಲೆ ಮರಳಿದೆ.

"ಸಾರ್, ಸೀಸೆ ಮೇಜಿನ ಮೇಲೇ ಬಿಟ್ಟು ಓಡಿದ್ರಿ" ಎಂದರು ಶೈಲಜಾ ಮೇಡಂ. "ನೀವು ಬಾಗಿಲು ದಾಟೋದ್ರೊಳಗೆ ಫ್ರಿಜ್ಜಿನಲ್ಲಿಟ್ಟೆ."

ಬೆವರು ಒರೆಸಿಕೊಂಡೆ. ಥ್ಯಾಂಕ್ಸ್ ಹೇಳಬೇಕಿತ್ತು. "ನೀವು ಇಟ್ಟೇ ಇಡ್ತೀರಿ ಅಂತ ಗೊತ್ತಿತ್ತು ಮೇಡಂ, ಅದಕ್ಕೇ ಬಿಟ್ಟು ಹೋದೆ" ಎಂದುಬಿಟ್ಟೆ.