ಕಾಶವ್ವನ ಕ್ಯಾಸೆಟ್ ಸಂಗ್ರಾಮ

ಅರ್ಧ ಅಗಲವಾಗಿದ್ದ ಜೋಳದ ರೊಟ್ಟಿ ಪೂರ್ಣಚಂದ್ರನಾಗುವ ಹವಣಿಕೆಯಲ್ಲಿ ಅಂಗೈಯ ಬಡಿತವನ್ನು ಸಹಿಸುತ್ತಿರಲು, ಎಲೈ ಕ್ಯಾಸೆಟ್ಟಿನ ಯುಗವೇ, ಕಂದು ರೀಲಿನಲ್ಲಿ ಮನುಷ್ಯಕಂಠಗಳನ್ನು ಸುತ್ತಿಟ್ಟ ಮಹಾಯುಗವೇ, ನಿನ್ನನ್ನು ನೆನೆದು ಹೇಳುತ್ತೇನೆ: ಸಣ್ಣಹೊಳಿ ಗೀಗೀ ಮೇಳದ ಮುಂದಾಳು, ದಪ್ಪುವಾದನಪ್ರಚಂಡೆ, ಅಹೋರಾತ್ರಗಾನವಿಜಯಿನಿ, ಜೋಳಪಿಷ್ಟಧವಳಬಾಹುದ್ವಯೆ ಕಾಶವ್ವ ತನ್ನದೇ ದನಿಯನ್ನು ಎದುರಿನ ಹಿಟ್ಟಿನ ಗಿರಣಿಯಿಂದ ಕೇಳಿದಳು.

ಹಿಗ್ಗಿದಳು. ಪದದ ಕಡೆಯ ನುಡಿಯಲ್ಲಿ ಹಾಡಿದವರ ಹೆಸರು, ಊರು ಬರುವುದು ಮೇಳದವರ ಸಂಪ್ರದಾಯ; ಅದನ್ನು ಕೇಳಿಯೇ ಪರವೂರಿನವರು ಹುಡುಕಿಕೊಂಡು ಬಂದು ಹಾಡಲು ಕರೆಯುವುದು. ಆ ನುಡಿಗಾಗಿ ಕಿವಿ ನಿಮಿರಿಸಿದಳು. ಅದು ಬರುವ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ 'ಖಟ್' ಎಂದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ರಣಧೂಮವೆದ್ದಿತು.

"ಮುಧೋಳದ ಕ್ಯಾಸೆಟ್ ಅಂಗಡಿ ದುಂಡಪ್ಪ ನಿಮ್ಮ ಕ್ಯಾಸೆಟ್ಟಿನ ನಕಲು ತುಂಬಿಸಿ ಕೊಟ್ಟಾನ, ಯವ್ವಾ," ಎಂದ ಗಿರಣಿಯವನು.

ವೀರಮಾತೆ ದಪ್ಪೆಂಬ ಚರ್ಮವಾದ್ಯವನ್ನು ಹೆಗಲಿಗೇರಿಸಿ, ಕೈಯ ಹಿಟ್ಟನ್ನೂ ತೊಳೆಯದೆ, ಕೆಂಪುಬಸ್ಸೆಂಬ ರಥವನ್ನೇರಿದಳು. ದ್ವಿಮುಖಟೇಪುಯಂತ್ರಧಾರಿ, ಪರಕಂಠಾಪಹರಣಪಂಡಿತ ದುಂಡಪ್ಪ ತನ್ನ ಅಂಗಡಿಯೆಂಬ ದುರ್ಗದಲ್ಲಿ ಚಹಾ ಹೀರುತ್ತಿದ್ದನು.

"ದುಂಡ್ಯಾ, ನನ್ನ ಪದದ ಕಡೀ ನುಡಿ ಎಲ್ಲಿ ಒಗದ್ಯೋ?"

"ನಾ ಯಾಕ ಒಗೀಲಿ ಯವ್ವಾ? ನಿಮ್ಮದು ಅರವತ್ತು ನಿಮಿಷದ ಕ್ಯಾಸೆಟ್ಟು. ನನ್ನ ಖಾಲಿ ಕ್ಯಾಸೆಟ್ಟು ನಲವತ್ತೈದರದು. ಹಿಡದಷ್ಟು ತುಂಬೇನಿ."

"ನೀ ಮಾರಿದ್ದರಾಗ ನನಗೊಂದು ಬಿಡಿಗಾಸು ಬರಂಗಿಲ್ಲ. ನಾಕು ಮಂದಿ ಕರಸಿದ್ರಷ್ಟ ನಮ್ಮ ಮ್ಯಾಳ ಉಣ್ಣೂದು. ಹೆಸರಿಲ್ಲದ ಹಾಡು ಕೇಳಿ ಯಾರ್ನ ಕರಸಬೇಕೋ? ನಿನ್ನನ್ನ? ಬಾ, ದಪ್ಪು ಹಿಡಿ, ಹಾಡು."

ದಪ್ಪಿನ ಮೇಲೆ ಬಿದ್ದ ಒಂದೇ ಪೆಟ್ಟಿಗೆ ಪೇಟೆಯ ಜನ ಕೂಡಿತು. ದುಂಡಪ್ಪನೂ ಕುರ್ಚಿಯಿಂದೆದ್ದು ಎದೆ ಸೆಟೆಸಿ ಗರ್ಜಿಸಿದನು:

"ನನ್ನ ದೆಸೀಲಿಂದ ನಿಮ್ಮ ದನಿ ಎರಡೆರಡು ಹೊಳಿ ದಾಟೇತಿ, ಗೊತ್ತೈತೇನು? ಸಿಂಧನೂರಿನ ಹಮಾಲರ ಸಂಘದಾವ್ರು ನನಗ ಕಾಗದ ಬರದಾರ. ಹಾಡಿದಾಕಿ ಯಾರು, ನಮ್ಮ ವಾರ್ಷಿಕೋತ್ಸವಕ್ಕ ಕರಸಬೇಕಾಗೇತಿ ಅಂತ!"

ಕಾಶವ್ವ ದಪ್ಪನ್ನು ಕೆಳಗಿಳಿಸಿದಳು.

"ಯಾವಾಗ ಬರದಾರ?"

"ದೀಪಾವಳಿ ಮುಂದ."

"ಈಗ ಯುಗಾದಿ ಬಂತು. ನೀ ಏನಂತ ಬರದಿ?"

ಮಹಾರಥಿ ಚಹಾದ ಬಟ್ಟಲನ್ನು ನೋಡಿದನು. "ಬರದ್ರ ನಿಮಗ ಗೊತ್ತಾಗಿ, ಇಲ್ಲಿಗೆ ಬಂದು ಬೈತೀರಿ ಅಂತ ಸುಮ್ಮನಾದೆ."

"ಈಗ ಬಂದು ಬೈಯಾಕತ್ತೇನಲ್ಲ. ಬರಿ."

ಪಕ್ಕದ ಅಂಗಡಿಯಿಂದ ಒಂದು ಅಂಚೆ ಕಾರ್ಡು ಬಂದಿತು. ಪರಕಂಠಾಪಹರಣಪಂಡಿತನು ಲೇಖನಿಯೆಂಬ ಅಸ್ತ್ರವನ್ನು ಝಳಪಿಸಿ, 'ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ' ಎಂದು ಆರಂಭಿಸಲು ಹೊರಟನು.

"ಕ್ಷೇಮ ಆಮ್ಯಾಲೆ. ಮೊದಲ ಹೆಸರು ಹಾಕು. ಊರು ಹಾಕು. ಸಣ್ಣಹೊಳಿ ಅಂತ ದಪ್ಪಗ ಬರಿ, ಹಮಾಲರು ದೂರದಿಂದ ಓದೂಹಂಗ."

"ಅವರ ವಾರ್ಷಿಕೋತ್ಸವ ಮುಗದಿದ್ರ?"

"ಮುಂದಿನ ವರ್ಷ ಹಮಾಲರು ಇರಂಗಿಲ್ಲೇನು? ಬರಿ."

ಬರೆದನು. ಬಳಿಕ ಸಕಲ ಪುರಜನರು ನೋಡುತ್ತಿರಲು, ದುರ್ಗಾಧಿಪತಿಯು ಮುಂದೆ, ಅಹೋರಾತ್ರಗಾನವಿಜಯಿನಿಯು ಹಿಂದೆ, ಮೂಲೆಯ ಕೆಂಪು ಅಂಚೆ ಡಬ್ಬಿಯವರೆಗೆ ವಿಜಯಯಾತ್ರೆ ಸಾಗಿತು. ಕಾರ್ಡು ಒಳಗೆ ಬಿದ್ದು 'ಟಪ್' ಎಂದಿತು.