ಮಾಮಾನ ಮೆಣಸಿನಕಾಯಿ ಚಿತ್ರಶಾಲೆ

ಹಾನಗಲ್ಲಿನಲ್ಲಿ ಯುವ ಕಲಾವಿದರಿಗಾಗಿ ಆರ್ಟ್ ಸೆಂಟರ್ ತೆರೆಯಲು ನಮ್ಮ ಸಣ್ಣ ಮಾಮಾನಿಗೆ, ಅಂದರೆ ನಮ್ಮವ್ವನ ತಮ್ಮನಿಗೆ, ಇದ್ದ ಅರ್ಹತೆ ಒಂದೇ: ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ! ಬರುತ್ತಿರಲಿಲ್ಲ ಅಂದರೆ ನಿಮಗೆ ನನಗೆ ಬಾರದಂತೆ ಅಲ್ಲ. ಒಮ್ಮೆ ಶಿಗ್ಗಾಂವಿಯಿಂದ ಹೆಣ್ಣು ನೋಡಲು ಬಂದವರಿಗೆ ಮನೆಯ ದಾರಿ ತಿಳಿಯಲೆಂದು ಕಡ್ಡಿಯಿಂದ ನೆಲದ ಮೇಲೆ ನಕ್ಷೆ ಗೀಚಿ ತೋರಿಸಿದ. ಪಾಪ, ಅವರು ಆ ಪ್ರಕಾರವೇ ನಡೆದುಹೋಗಿ ರುದ್ರಭೂಮಿ ತಲುಪಿದರು. ಸಂಬಂಧ ಅಲ್ಲಿಗೇ ಮುಗಿಯಿತು. ಮಾಮಾನಿಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ. “ನಕ್ಷೆ ಬರೋಬ್ಬರಿ ಇತ್ತು. ಊರ ತಪ್ಪ ಕಟ್ಯಾರ!” ಎಂದ.

ಅಂಥವನು ಕಲಾಶಾಲೆ ತೆರೆಯುವುದೇ? ಯಾಕೆ ತೆರೆಯಬಾರದು? ಅಡಿಗೆ ಬಾರದವರು ಖಾನಾವಳಿ ನಡೆಸುವುದಿಲ್ಲವೇ?

ಈ ಹುಚ್ಚು ಹತ್ತಿದ್ದು ಮುಂಬಯಿಯಲ್ಲಿ. ಐವತ್ತರ ದಶಕದ ಕೊನೆಯಿರಬೇಕು. ನಾನಾಗ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಫೋರ್ಕು ಹಿಡಿಯುವುದನ್ನು ಕಲಿಯುತ್ತಿದ್ದೆ. ರಜೆಗೆ ಹಾನಗಲ್ಲಿನ ಅಜ್ಜನ ಮನೆಗೆ ಬಂದರೆ ಊಟಕ್ಕೆ ಜೋಳದ ರೊಟ್ಟಿ! ಅಜ್ಜನ ಮನೆಯವರದು ಮೆಣಸಿನಕಾಯಿ ವ್ಯಾಪಾರ. ವ್ಯಾಪಾರದ ನೆಪದಲ್ಲಿ ಮುಂಬಯಿಗೆ ಹೋದ ಮಾಮಾ, ಮಳೆಯಿಂದ ತಪ್ಪಿಸಿಕೊಳ್ಳಲು ಯಾವುದೋ ಕಟ್ಟಡದೊಳಗೆ ನುಗ್ಗಿದನಂತೆ. ಅಲ್ಲಿ ಚಿತ್ರಗಳ ಎಕ್ಸಿಬಿಷನ್ ನಡೆದಿತ್ತು. ಮಳೆ ನಿಂತರೂ ಅವನು ಹೊರಗೆ ಬರಲಿಲ್ಲ. ಊರಿಗೆ ಬಂದವನು ಅಜ್ಜಿಯ ಮುಂದೆ ಕಣ್ಣರಳಿಸಿ ಹೇಳಿದ:

“ಅವ್ವಾ, ಅಲ್ಲೆ ಮಂದಿ ಚಿತ್ರಾ ನೋಡತಾರ, ಆದರ ಕೈ ಮುಗಿಯಂಗಿಲ್ಲ! ಬರೇ ನೋಡತಾರ! ತಾಸಗಟ್ಟಲೆ!”

ಅಜ್ಜಿ ರೊಟ್ಟಿ ಬಡಿಯುತ್ತಲೇ ಕೇಳಿದಳು, “ಯಾಕಪಾ, ಅವರಿಗೆ ಉದ್ಯೋಗ ಇಲ್ಲೇನು?”

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಜನರಿಗೆ ಕೈಮುಗಿಯದೆ ಚಿತ್ರ ನೋಡುವುದನ್ನು ಕಲಿಸುವುದೇ ತನ್ನ ಜನ್ಮದ ಮಿಷನ್ ಎಂದು ಮಾಮಾ ನಿರ್ಧರಿಸಿದ. ದೊಡ್ಡ ಮಾಮಾ ಮನೆಯ ಯಜಮಾನರು (ನಮ್ಮ ಮನೆಯಲ್ಲಿ ಬಹುವಚನ ಸಲ್ಲುತ್ತಿದ್ದುದು ಅವರೊಬ್ಬರಿಗೇ). ಅವರನ್ನು ಕಾಡಿ ಬೇಡಿ, ಪೇಟೆಯ ಹಿಂದೆ ಮೆಣಸಿನಕಾಯಿ ಚೀಲ ತುಂಬಿಡುತ್ತಿದ್ದ ವಖಾರಿಯನ್ನು ಖಾಲಿ ಮಾಡಿಸಿಕೊಂಡ. ಗೋಡೆಗೆ ಸುಣ್ಣ ಬಳಿಸಿದ, ಬಾಗಿಲಿಗೆ ಬೋರ್ಡು ಹಾಕಿಸಿದ. ಊರವರು ಅದನ್ನು ಹುಚ್ಚರ ವಖಾರಿ ಎಂದೇ ಕರೆದರು.

ಚೀಲಗಳೇನೋ ಹೋದವು, ಘಾಟು ಹೋಗಬೇಕಲ್ಲ! ವರ್ಷಗಟ್ಟಲೆ ಮೆಣಸಿನಕಾಯಿ ತುಂಬಿದ್ದ ಜಾಗ. ಮೊದಲ ಪ್ರದರ್ಶನಕ್ಕೆ ಬಂದ ಗಣ್ಯರೆಲ್ಲ ಬಾಗಿಲು ದಾಟಿದ್ದೇ ತಡ, ಮೂಗು ಒರೆಸಿಕೊಳ್ಳುತ್ತ, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ ಚಿತ್ರದಿಂದ ಚಿತ್ರಕ್ಕೆ ಸಾಗಿದರು. ಮಾಮಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: “ನೋಡವಾ, ಕಲಾ ನೋಡಿ ಮಂದಿ ಹೆಂಗ ಅಳಾಕತ್ತಾರ! ಮುಂಬೈದಾಗ ಒಬ್ಬರೂ ಅತ್ತಿರಲಿಲ್ಲ!”

ಆ ಪ್ರದರ್ಶನದಲ್ಲಿ ಎಲ್ಲವೂ ಪೋರ್ಟ್ರೇಟುಗಳು. ಅಲ್ಲೇ ಎಡವಟ್ಟಾದದ್ದು. ನಮ್ಮ ಕಡೆ ಗೋಡೆಗೆ ಏರುವ ಭಾಗ್ಯ ಸತ್ತವರಿಗೆ ಮಾತ್ರ. ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬನ ಚಿತ್ರವನ್ನು ಅವನೂರಿನ ತರುಣನೊಬ್ಬ ಬಹಳ ಚೆನ್ನಾಗಿ ಬರೆದಿದ್ದ. ಯಾರೋ ಪುಣ್ಯಾತ್ಗಿತ್ತಿ ಅದನ್ನು ನೋಡಿ ಲೊಚಗುಟ್ಟಿ, ತನ್ನ ಮುಡಿಯ ಮಾಲೆ ತೆಗೆದು ಅದಕ್ಕೆ ಹಾಕಿ ಹೋಗಿದ್ದಳು. ಆಮೇಲೆ ಬಂದ ವ್ಯಾಪಾರಿಯ ಹೆಂಡತಿ ಗೋಡೆಯ ಮೇಲೆ ಹಾರ ಹಾಕಿಕೊಂಡ ಗಂಡನನ್ನು ಕಂಡು ಎದೆ ಬಡಿದುಕೊಂಡು ಕೂತುಬಿಟ್ಟಳು. ಬೆನ್ನ ಹಿಂದೆಯೇ ನಿಂತಿದ್ದ ಗಂಡ “ನಾ ಅದೇನಿ ಮಾರಾಯ್ತಿ, ಇಲ್ಲೇ ಜೀವಂತ ಅದೇನಿ!” ಎಂದು ಎಷ್ಟು ಒದರಿದರೂ ಅವಳು ತಿರುಗಿ ನೋಡಲೊಲ್ಲಳು. ವ್ಯಾಪಾರಿ ಮಾಮಾನ ಮೇಲೆ ಏರಿ ಬಂದ.

“ಜೀವಂತ ಮನಶ್ಯಾನ್ನ ಗ್ವಾಡಿಗೆ ತೂಗುಬಿಡತಾರೇನ್ರಿ?”

“ಚಿತ್ರಾ ಬದುಕಿದ್ದಾಗ ತಗಸ್ಬೇಕಪಾ,” ಎಂದ ಮಾಮಾ ತಣ್ಣಗೆ. “ಸತ್ತಮ್ಯಾಲೆ ಪೋಜ್ ಕೊಡಾಕ ನೀ ಸಿಗತೀಯೇನು?”

ವರ್ಕ್‌ಶಾಪುಗಳ ಕಥೆ ಕೇಳಲೇಬೇಡಿ. ಭಾನುವಾರ ಬಂತೆಂದರೆ ನಾಲ್ಕೂ ತಾಲೂಕಿನ ತರುಣರು ಬಸ್ಸು, ಚಕ್ಕಡಿ, ಸೈಕಲ್ಲು ಹತ್ತಿ ಬರುತ್ತಿದ್ದರು. ಮಾಮಾ ಕೈ ಹಿಂದೆ ಕಟ್ಟಿಕೊಂಡು ಅವರ ಬೆನ್ನ ಹಿಂದೆ ತಿರುಗಾಡುತ್ತಿದ್ದ. ಅವನಿಗೆ ಗೊತ್ತಿದ್ದುದು ಒಂದೇ ಪಾಠ: “ಇನ್ನೂ ಸ್ವಲ್ಪ ಫೀಲಿಂಗ್ ಹಾಕು!” ಒಮ್ಮೆ ಹಿರೇಕೆರೂರಿನ ಒಬ್ಬ ಬಣ್ಣದ ಡಬ್ಬಿಗಳನ್ನೆಲ್ಲ ತಡಕಾಡಿ, “ಅದು ಯಾವ ಡಬ್ಬ್ಯಾಗ ಐತ್ರಿ?” ಎಂದು ಕೇಳಿದ. ಮಾಮಾ ಸಿಟ್ಟಿಗೇಳಲಿಲ್ಲ. ಗಂಭೀರವಾಗಿ, “ಹುಬ್ಬಳ್ಯಾಗ ಸಿಕ್ಕರ ತರತೇನಿ” ಎಂದ. ಐ ಸ್ವೇರ್, ಹೀಗೇ ಅಂದ!

ಹುಬ್ಬಳ್ಳಿಯ ಬಣ್ಣ ತುಟ್ಟಿ ಎನ್ನಿಸಿದಾಗ ಅವನ ಕಣ್ಣು ಬಿದ್ದದ್ದು ಅಜ್ಜಿಯ ಅಡಿಗೆಮನೆಯ ಮೇಲೆ. ಅರಿಶಿನ ಮಾಯವಾಯಿತು, ಕುಂಕುಮ ಮಾಯವಾಯಿತು, ಧೋತರಕ್ಕೆ ಹಾಕುವ ನೀಲಿಯೂ ಹೋಯಿತು. ಅಂದು ವಖಾರಿಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಸುಣ್ಣ ಹಸಿಯಿರುವಾಗಲೇ ತರುಣರು ಅರಿಶಿನದಲ್ಲಿ ಗೋಡೆಯುದ್ದಕ್ಕೂ ಬಂಗಾರದ ಬಣ್ಣದ ಹಸುಗಳನ್ನು ಬರೆಯತೊಡಗಿದರು. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ಆರತಿಯ ನೀರು ಕಲಸಿದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು. ಆದರೆ ಕಲೆಯ ವಿಷಯದಲ್ಲಿ ಹೆಂಗಸರನ್ನು ಕೇಳುವುದುಂಟೇ? ನೋಡನೋಡುತ್ತಿದ್ದಂತೆ ಹಸುಗಳೆಲ್ಲ ರಕ್ತಕಾರಿದಂತೆ ಕೆಂಪಗಾದವು. ತರುಣರು ಹೌಹಾರಿದರು. ಮಾಮಾ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ ಘೋಷಿಸಿದ: “ಇದಕ್ಕ ಮಾಡರ್ನ್ ಆರ್ಟ್ ಅಂತಾರ!”

ಇಷ್ಟು ದಿನ ಸುಮ್ಮನಿದ್ದ ದೊಡ್ಡ ಮಾಮಾ, ನಾನು ಮೆಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ, ಬೆತ್ತ ಕುಟ್ಟುತ್ತ ಬಂದರು. ಮುಂಗಾರು ಬಂದಿತ್ತು, ಚೀಲಗಳು ಹೊರಗೆ ನೆನೆಯುತ್ತಿದ್ದವು.

“ಲೇ ತಮ್ಮಾ, ಸಾಕಿನ್ನ ನಿನ್ನ ಆಟ. ವಖಾರಿ ಬಿಡು.”

“ಅಣ್ಣಾ, ಇನ್ನೊಂದ ಎಕ್ಸಿಬಿಷನ್. ನಾಕೂ ತಾಲೂಕ ಮಂದಿ ಬರತಾರ.”

“ಬಂದರ ನಿನಗ ಬಿಟ್ಟೆ. ಬರಲಿಲ್ಲೋ, ಮರುದಿನ ಮುಂಜಾನೆ ಹಮಾಲರು ಚೀಲಾ ತಂದ ಒಗೀತಾರ!”

ಉಳಿದ ತರುಣರಿಗೇನು, ವಖಾರಿ ಹೋದರೆ ಶಾಲೆಯ ಕಟ್ಟೆಯಿತ್ತು, ಚಹಾದಂಗಡಿಯ ಬೆಂಚಿತ್ತು. ಒಬ್ಬಳಿಗೆ ಮಾತ್ರ ಬೇರೆ ಜಾಗವಿರಲಿಲ್ಲ. ಅವಳು ನಮ್ಮ ಹಿಂದಿನ ಓಣಿಯವಳು, ನನ್ನದೇ ವಯಸ್ಸು. ಹಿರೇಕೆರೂರಿಗೆ ಕೊಟ್ಟಿದ್ದರು, ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡು ಬರಿಹಣೆಯಲ್ಲಿ ತವರಿಗೆ ಮರಳಿದ್ದಳು. ಹಬ್ಬ ಬಂದರೆ ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ಅವಳನ್ನು ಹಿತ್ತಲಿಗೆ ಕಳಿಸುತ್ತಿದ್ದಳು. ಅವಳು ಕಟ್ಟಿದ ಹೂವು ದೇವರಿಗೆ ನಡೆಯುವುದಿಲ್ಲ, ಅವಳು ಬಡಿದ ರೊಟ್ಟಿ ಮಾತ್ರ ಮನೆಮಂದಿಗೆಲ್ಲ ನಡೆಯುತ್ತದೆ! ಅನುಕೂಲಶಾಸ್ತ್ರಕ್ಕೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಆ ಹಿತ್ತಲಿನಲ್ಲಿ ಕೂತು ಅವಳು ಮಣ್ಣಿನಲ್ಲಿ ಮಾಡಿದ ಒಂದು ಬೆಕ್ಕನ್ನು ಮಾಮಾ ಹೇಗೋ ನೋಡಿದ. ನೇರ ಅವಳ ಅಪ್ಪನ ಹತ್ತಿರ ಹೋಗಿ ಸುಳ್ಳು ಹೊಡೆದ: “ನಮ್ಮ ಹುಡಿಗಿಗೆ ಕಾನ್ವೆಂಟಿಗೆ ಹೋಗಿ ಕನ್ನಡ ಮರತೈತಿ. ಜೋಡಿಗೆ ಮಾತಾಡಾಕ ಒಬ್ಬಾಕಿ ಬೇಕಾಗ್ಯಾಳ.” ಹೀಗೆ ನನ್ನ ಕನ್ನಡದ ಮಾನ ಹೋಯಿತು, ಅವಳಿಗೆ ವಖಾರಿಯಲ್ಲೊಂದು ಮೂಲೆ ಸಿಕ್ಕಿತು. ಈಗ ಆ ಮೂಲೆಗೆ ಚೀಲ ಬರುವುದಿತ್ತು.

ಮಾಮಾ ತಲೆ ಓಡಿಸಿದ. ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ, ರೈತರೆಲ್ಲ ಖಾಲಿ. ಅದರಲ್ಲೂ ಮುಂದೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮನೆಮನೆಯಲ್ಲಿ ಅಂಗೈಯಗಲದ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರಷ್ಟೆ. “ಮನ್ಯಾಗ ಸಣ್ಣ ಎತ್ತು ಪೂಜಾ ಮಾಡಿ ಮಂದಿ ಇಲ್ಲಿಗೆ ದೊಡ್ಡ ಎತ್ತು ನೋಡಾಕ ಬರತಾರ!” ಎಂದ. ತರುಣರು ತಮ್ಮ ತಮ್ಮ ಊರಿನ ಮಣ್ಣು ಹೊತ್ತು ತಂದು, ಕರುವಿನೆತ್ತರದ ಎತ್ತುಗಳನ್ನು ಮಾಡಿದರು. ಪ್ರದರ್ಶನ ಮುಗಿದ ಮೇಲೆ ಕುಂಬಾರರ ಆವಿಗೆಯಲ್ಲಿ ಸುಡಿಸುವುದೆಂದು ಮಾತಾಯಿತು. ನಾಲ್ಕು ಕಾಲ ಮೇಲೆ ನಿಂತದ್ದು, ಕೋಡು ಕೊಂಚ ಸೊಟ್ಟಗಾದದ್ದು, ಹೆಚ್ಚುಕಡಿಮೆ ಹಂದಿಯಂತೆ ಕಂಡದ್ದು, ಎಲ್ಲ ಇದ್ದವು. ಅವಳದು ಮಾತ್ರ ಬೇರೆ. ಕರಿ ಎರೆಮಣ್ಣಿನ ಎತ್ತು, ಮಲಗಿ, ಕತ್ತು ಹಿಂದಕ್ಕೆ ಹೊರಳಿಸಿ, ನೊಗದಿಂದ ಗಾಯವಾದ ತನ್ನ ಹೆಗಲನ್ನು ತಾನೇ ನೆಕ್ಕಿಕೊಳ್ಳುತ್ತಿತ್ತು. ಅದರ ಮುಂದೆ ಮಾಮಾ ಮೊದಲ ಬಾರಿಗೆ “ಫೀಲಿಂಗ್ ಹಾಕು” ಅನ್ನಲಿಲ್ಲ.

ನನ್ನಿಂದ ಇಂಗ್ಲಿಷಿನಲ್ಲಿ ‘ಪ್ಲೀಸ್ ಡು ನಾಟ್ ಟಚ್’ ಎಂದು ಬೋರ್ಡು ಬರೆಸಿದ. ಅಷ್ಟು ವರ್ಷದ ಕಾನ್ವೆಂಟ್ ಶಿಕ್ಷಣದಿಂದ ಸಮಾಜಕ್ಕೆ ಆದ ಉಪಯೋಗ ಅದೊಂದೇ.

ಅಮಾವಾಸ್ಯೆ ಬಂತು. ಮಂದಿಯೂ ಬಂದರು! ಹುಲಗೂರಿನಿಂದ, ರಟ್ಟೀಹಳ್ಳಿಯಿಂದ, ಎಲ್ಲೆಲ್ಲಿಂದಲೋ. ಮಾಮಾ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದ. ಮೊದಲು ಒಳಹೊಕ್ಕ ಮುದುಕಿ ಎತ್ತುಗಳ ಸಾಲನ್ನು ಕಂಡು ಬೆರಗಾಗಿ ನಿಂತಳು. ಸೆರಗಿನ ಗಂಟು ಬಿಚ್ಚಿ, ಒಂದೊಂದು ಎತ್ತಿನ ಹಣೆಗೂ ಕುಂಕುಮ ಹಚ್ಚುತ್ತ ಹೊರಟಳು.

“ಮುಟ್ಟಬ್ಯಾಡ್ರಿ ಅಮ್ಮಾ! ಬರೇ ನೋಡ್ರಿ!”

“ಹಬ್ಬದ ದಿನ ಬಸವಣ್ಣನ್ನ ಬರೇ ನೋಡಿ ಹ್ವಾದರ ಪಾಪ ಬರತೈತಪಾ,” ಎಂದ ಮುದುಕಿ ನನ್ನ ಬೋರ್ಡಿಗೂ ಒಂದು ಬೊಟ್ಟು ಇಟ್ಟಳು.

ಅಲ್ಲಿಂದ ಮುಂದೆ ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ. ತೆಂಗಿನಕಾಯಿ ಒಡೆದವು, ಊದುಬತ್ತಿ ಹೊಗೆ ಮೆಣಸಿನ ಘಾಟನ್ನೂ ಮೀರಿಸಿತು, ಹೋಳಿಗೆಯ ಎಡೆ ಬಂತು. ಮುತ್ತೈದೆಯರು ಸಾಲುಗಟ್ಟಿ ಆರತಿ ಎತ್ತಿದರು. ಎಲ್ಲಕ್ಕಿಂತ ಹೆಚ್ಚು ಆರತಿ ಬಿದ್ದದ್ದು ಆ ಕರಿ ಎತ್ತಿಗೆ. ಹಮಾಲರನ್ನು ಕರೆದುಕೊಂಡು ತಮಾಷೆ ನೋಡಲು ಬಂದ ದೊಡ್ಡ ಮಾಮಾ ಹೊಸ್ತಿಲಲ್ಲೇ ಕೆರವು ಬಿಟ್ಟರು, ಮುಂಡಾಸು ಸರಿಮಾಡಿಕೊಂಡರು, ಕೈ ಮುಗಿದರು.

“ತಮ್ಮಾ, ವಖಾರಿ ನೀನ ಇಟಗೊಳ್ಳೋ. ಬಸವಣ್ಣ ಕುಂತ ಜಾಗಾದಾಗ ನಾ ಹೆಂಗ ಚೀಲಾ ಒಗೀಲಿ?”

ಮಾಮಾನ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ದೊಡ್ಡ ಮಾಮಾ ಕೂಗಿದರು: “ನಡೀರ್ರೆಪಾ, ಹೊತ್ತು ಮುಳುಗೂದರಾಗ ನೀರಿಗೆ ಬಿಡೂನು!”

ನಿಜ, ಪೂಜೆಯಾದ ಮಣ್ಣೆತ್ತನ್ನು ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಚರ್ಮದ ಹಲಗೆ ಬಾರಿಸುತ್ತ ಇಡೀ ಎಕ್ಸಿಬಿಷನ್ನು ಕೆರೆಯ ಕಡೆಗೆ ನಡೆಯಿತು! ಹಿಂದೆ ಬಾಯಿ ಬಡಿದುಕೊಳ್ಳುತ್ತ ಮಾಮಾ, ಅವನ ಹಿಂದೆ ಅವನ ಚಪ್ಪಲಿ ಹಿಡಿದುಕೊಂಡು ನಾನು. ಒಂದೊಂದೇ ಎತ್ತು ನೀರಿಗಿಳಿದು ಕೆಸರಾಯಿತು. ಕರಿ ಎತ್ತಿನ ಸರದಿ ಬಂದಾಗ ಮಾಮಾ ಧೋತರದ ಸಮೇತ ಕೆರೆಗಿಳಿದು ಅದನ್ನು ತಬ್ಬಿಕೊಂಡುಬಿಟ್ಟ.

“ಇದೊಂದ ಬಿಡ್ರೋ! ನಿಮ್ಮ ಕಾಲಿಗೆ ಬೀಳತೇನಿ, ಇದೊಂದ ಬಿಡ್ರೋ!”

“ಸಣ್ಣ ಸಾವ್ಕಾರಗ ತಲಿ ಪೂರಾ ಹೋತು,” ಎಂದು ದಂಡೆಯ ಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಲ್ಲರ ಹಿಂದೆ ದೂರದಲ್ಲಿ ನಿಂತಿದ್ದ ಅವಳು ಬಂದಳು. ಸೀರೆಯ ನಿರಿಗೆ ಎತ್ತಿಕೊಂಡು ಮೊಣಕಾಲುದ್ದ ನೀರಿಗೆ ಇಳಿದಳು. ಅವಳ ಮಾತು ಮಾಮಾನಿಗೆ, ದಂಡೆಯ ತುದಿಯಲ್ಲಿದ್ದ ನನಗೆ, ಇಬ್ಬರಿಗೇ ಕೇಳಿಸಿತು.

“ಬಿಡ್ರೀ ಸಣ್ಣ ಸಾವ್ಕಾರ್ರ.”

“ಹೆಂಗ ಬಿಡಲಿ ತಂಗೀ? ಇಂಥಾದ್ದು ಇನ್ನೊಂದು ಆಗಂಗಿಲ್ಲ.”

“ಆಕ್ಕೈತ್ರಿ, ಮತ್ತ ಮಾಡತೇನಿ.” ಅವಳು ದಂಡೆಯ ಕಡೆ ಒಮ್ಮೆ ನೋಡಿದಳು. “ಮುತ್ತೈದೇರು ಎಲ್ಲಾರೂ ಆರತಿ ಮಾಡ್ಯಾರ್ರಿ ಅದಕ್ಕ. ನಮ್ಮ ವೈನಿನೂ ಮಾಡ್ಯಾಳ. ಯಾರ ಕೈಯಾಗಿಂದು ಅಂತ ಒಬ್ಬರೂ ಕೇಳಲಿಲ್ಲ. ಕೇಳೂದಕ್ಕ ಮದಲ ಹೋಗಲಿ ಬಿಡ್ರಿ.”

ಮಾಮಾ ತೋಳು ಸಡಿಲಿಸಿದ. ಹೊರಳಿದ ಆ ಕತ್ತು ಸ್ವಲ್ಪ ಹೊತ್ತು ನೀರಿನ ಮೇಲೆ ಕಾಣುತ್ತಿತ್ತು; ಆಮೇಲೆ ಮೆತ್ತಗಾಗಿ ಇಳಿಯಿತು. ಹಲಗೆಯ ಸದ್ದು ಊರ ಕಡೆ ತಿರುಗಿತು, ಮಂದಿ ಚದುರಿದರು. ಮಾಮಾ ನಮಗೆ ಬೆನ್ನು ಮಾಡಿ, ಸೊಂಟದುದ್ದ ಕರಿನೀರಿನಲ್ಲಿ ನಿಂತೇ ಇದ್ದ. ಕೊನೆಗೆ ತಿರುಗದೆಯೇ ಹೇಳಿದ:

“ನಾಳೆ ಮುಂಜಾನೆ ಲಗೂನ ಬಾ ತಂಗೀ. ಮಣ್ಣು ನಾನ ತಂದಿಟ್ಟಿರತೇನಿ.”